ಚಾವಣಿಯ ರುಚಿ ನೋಡುವ ಹುಲುಗಮ್ಮ

ಹುಲುಗಮ್ಮ ನನ್ನ ಕಣ್ಣೆದುರಿಗೆ ಮೊದಲ ಸಲ ಚಾವಣಿಯ ರುಚಿ ನೋಡಿದಾಗ ನಾನು ಅವಳಿಗೆ ಚೆನ್ನಾಗಿ ಬೈದಿದ್ದೆ. 2013ರ ಏಪ್ರಿಲ್ ಅದು, ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯ ಮೇಲೆ. ಎಂಟು ಗಂಟೆಗೇ ಸಿಮೆಂಟು ಕಾಲು ಸುಡುತ್ತಿತ್ತು. ಲೇಪನದ ಡ್ರಮ್ಮು ತೆರೆದಾಗಿತ್ತು, ರೋಲರ್ ಹಿಡಿದವರು ಕಾಯುತ್ತಿದ್ದರು. ಗುಡಿಸಲು ಬಂದಿದ್ದ ಆರು ಹೆಂಗಸರಲ್ಲಿ ಒಬ್ಬಳು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳು ಒದ್ದೆ ಮಾಡಿಕೊಂಡು, ಸಿಮೆಂಟಿಗೆ ತಿಕ್ಕಿ, ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು ಐತ್ರಿ ಅಮ್ಮ. ಇವತ್ತು ಹಚ್ಚಬ್ಯಾಡ್ರಿ" ಅಂದಳು.

"ನಿನ್ನ ಗುಡಸಾಕ ಕರದೀನಿ, ನೆಕ್ಕಾಕಲ್ಲ" ಅಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಸರು ಮೀನಾ. ಸಿವಿಲ್ ಡಿಪ್ಲೊಮಾ ಮುಗಿಸಿ, ನಾಲ್ಕು ಕಡೆ ಗುತ್ತಿಗೆದಾರರ ಕೈಕೆಳಗೆ ದುಡಿದು, ಕೊನೆಗೆ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬೋರ್ಡು ಹಾಕಿಕೊಂಡೆ. ಗಿರಣಿ, ಗೋದಾಮು, ಕಾರ್ಖಾನೆಗಳ ಚಾವಣಿ ಸೋರದ ಹಾಗೆ, ಬಿಸಿಲಿಗೆ ಕಾಯದ ಹಾಗೆ ಲೇಪನ ಹಚ್ಚಿಸಿಕೊಡುವುದು ನನ್ನ ಕೆಲಸ. ಹೆಂಗಸು ಏಣಿ ಹತ್ತುತ್ತಾಳಾ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಬಾಯಿ ಜೋರಾಗಿತ್ತು. ಅಂಥ ಬಾಯಿಗೆ ಅವತ್ತು ಸಿಕ್ಕಿದವಳು ಹುಲುಗಮ್ಮ.

ಅವಳು ಪೊರಕೆ ತಗೊಂಡು ಕೆಳಗೆ ಹೋದಳು. ನಾವು ಹಚ್ಚಿದೆವು. ಒಂದೂವರೆ ತಿಂಗಳಿಗೆ ಚಾವಣಿಯ ತುಂಬ ಗುಳ್ಳೆ. ಎಣ್ಣೆಗೆ ಬಿಟ್ಟ ಹಪ್ಪಳ ಎದ್ದಂತೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಟಪ್ ಎಂದು ಒಡೆದು, ಒಳಗಿಂದ ನೀರು ಬರುತ್ತಿತ್ತು. ಮಾಲು ಕೊಟ್ಟ ಕಂಪನಿಯವನು ಬಂದು, ಕನ್ನಡಕ ಏರಿಸಿ ಇಳಿಸಿ, "ಮೇಲ್ಮೈ ತಯಾರಿ ಸರಿಯಾಗಿಲ್ಲ ಮೇಡಂ" ಎಂದು ಹೇಳಿ ಕಾರು ಹತ್ತಿದ. ತಯಾರಿ ನಾನೇ ನಿಂತು ಮಾಡಿಸಿದ್ದೆ. ಪಾಚಿ ಕೆರೆಸಿದ್ದೆ, ತಂತಿ ಬ್ರಷ್ಷಿನಿಂದ ಉಜ್ಜಿಸಿದ್ದೆ, ಎರಡು ಸಲ ನೀರು ಹೊಡೆಸಿದ್ದೆ. ನೀರು ಮಾತ್ರ ಆ ಕಾರ್ಖಾನೆಯ ಬೋರಿನದು, ಬಾಯಿಗೆ ಇಟ್ಟರೆ ಉಗಿಯುವಂಥದ್ದು. ನೀರು ಆರಿ ಹೋಗಿತ್ತು, ಉಪ್ಪು ಸಿಮೆಂಟಿನಲ್ಲೇ ಕೂತಿತ್ತು. ಆಮೇಲೆ ಆ ಉಪ್ಪು ತೇವ ಎಳೆದುಕೊಂಡು ಲೇಪನವನ್ನು ಕೆಳಗಿನಿಂದ ಎಬ್ಬಿಸಿತ್ತು. ಗುಡಿಸುವ ಹೆಂಗಸು ಒಂದು ಬೆರಳಿನಲ್ಲಿ ಹೇಳಿದ್ದನ್ನು ನಾನು ಇಷ್ಟು ಕಳೆದುಕೊಂಡು ಕಲಿತೆ.

ಮರ್ಯಾದೆ ಬಿಟ್ಟು ಅವಳ ಊರು ಬಾದನಹಟ್ಟಿಗೆ ಹೋದೆ. ಹುಲುಗಮ್ಮ ಹೊಲದಲ್ಲಿ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಕಳೆ ತೆಗೆಯುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಒಣಕಲು ಮೈ, ಮುಂಗೈ ಮೇಲೆ ಹಚ್ಚೆ. ನನ್ನನ್ನು ನೋಡಿ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

"ಎದ್ದತೇನ್ರಿ?" ಅಂತಷ್ಟೇ ಕೇಳಿದಳು.

"ಎದ್ದತಿ" ಅಂದೆ.

ಬದುವಿನ ಮೇಲೆ ಕೂತು ಅವಳು ಹೇಳಿದ್ದು ಇದು. ಅವಳ ಅಪ್ಪ ಜಡೆಪ್ಪ ಊರಿನ ಮಣ್ಣಿನ ಮಾಳಿಗೆಗಳಿಗೆ ಚೌಳು ಮಣ್ಣು ಹೊಂದಿಸುತ್ತಿದ್ದವನು. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಚೌಳು ಮಣ್ಣು, ಅಂದರೆ ಉಪ್ಪಿನ ಅಂಶದ ಬೂದು ಮಣ್ಣು, ಹರಡಿ ತುಳಿಯಬೇಕು. ಮೊದಲ ಮಳೆಗೆ ಅದು ಕರಗಿ, ಸಂದಿಗಳಲ್ಲಿ ಇಳಿದು ಬಿಗಿಯಾಗುತ್ತದೆ. ಎಲ್ಲಿಯ ಮಣ್ಣು ಒಳ್ಳೆಯದು ಎಂದು ಜಡೆಪ್ಪ ನಾಲಿಗೆಯಿಂದಲೇ ಹೇಳುತ್ತಿದ್ದ, ಮಗಳಿಗೂ ಅದನ್ನೇ ಕಲಿಸಿದ್ದ.

"ಸಪ್ಪಗಿದ್ರ ಸೋರತೈತಿ, ಉಪ್ಪಿದ್ರ ಕೂಡತೈತಿ ಅಂತಿದ್ದ ನಮ್ಮಪ್ಪ" ಅಂದಳು.

"ಹಂಗಾರ ನೀ ಉಪ್ಪು ಐತಿ, ಹಚ್ಚಬ್ಯಾಡ ಅಂದಿದ್ದು?"

"ಅದು ಮಣ್ಣಿನ ಮಾತ್ರಿ. ಅದ ಚೌಳು ಗ್ವಾಡಿಗೆ ಹತ್ತಿದ್ರ ಹಚ್ಚಿದ ಸುಣ್ಣ ಎಲ್ಲ ಉದುರತೈತಿ, ನೋಡಿಲ್ಲೇನು? ಮಣ್ಣಿಗೆ ಚೌಳು ತಾಯಿ ಇದ್ದಂಗ. ನಿಮ್ಮ ಬಣ್ಣಕ್ಕ ಅದು ಸವತಿ."

ನನ್ನ ಡಿಪ್ಲೊಮಾದ ಮೂರು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಅಲ್ಲೇ ಅವಳನ್ನು ಕೆಲಸಕ್ಕೆ ಕೇಳಿದೆ, ಪೊರಕೆ ಹಿಡಿಯಲಿಕ್ಕಲ್ಲ.

ಆಮೇಲಿನ ಒಂಬತ್ತು ವರ್ಷ ನನ್ನ ಯಾವ ಚಾವಣಿಯ ಮೇಲೂ ಹುಲುಗಮ್ಮ ಹೇಳದೆ ಡ್ರಮ್ಮಿನ ಮುಚ್ಚಳ ತೆಗೆದಿಲ್ಲ. ಅವಳ ಕೆಳಗೆ ಐದು ಜನ ಹೆಂಗಸರು, ಎಲ್ಲರೂ ಬಾದನಹಟ್ಟಿಯವರೇ. ಕೆರೆಯುವುದು, ತೊಳೆಯುವುದು, ಬಿರುಕನ್ನು ಉಳಿಯಿಂದ ಅಗಲಿಸಿ ಗಾರೆ ತುಂಬುವುದು, ಗೋಡೆ ಸೇರುವ ಮೂಲೆಗಳಿಗೆ ಜಾಳಿಗೆ ಬಟ್ಟೆ ಕೂರಿಸುವುದು ಅವರ ಪಾಲು. ಕೆರೆಯುವುದರಲ್ಲಿ ಹುಲುಗಮ್ಮನಿಗೆ ಕರುಣೆ ಎಂಬುದೇ ಇರಲಿಲ್ಲ. "ಹಳೀದರ ಮ್ಯಾಲ ಹೊಸಾದು ಹಚ್ಚಿದ್ರ ಹಳೀದು ಹೊಸಾದನ್ನೂ ಕರಕೊಂಡು ಹೋಗತೈತಿ" ಎನ್ನುತ್ತಿದ್ದಳು. ಕೊನೆಗೆ ನಾಲ್ಕು ಮೂಲೆ, ನಡುವೆ ಎರಡು ಜಾಗ, ಬೆರಳು, ನಾಲಿಗೆ. ಪಾರಿವಾಳ ಕೂರುವ ಕಡೆ ಮಾತ್ರ ಬಿಟ್ಟುಬಿಡುತ್ತಿದ್ದಳು. "ಅದನ್ನ ಮೇಡಂ ನೋಡ್ತಾರ" ಎಂದು ಹೆಂಗಸರನ್ನು ನಗಿಸುತ್ತಿದ್ದಳು. ನಾನು ಒಂದು ಮೀಟರ್ ಕೊಂಡು ತಂದಿದ್ದೆ. ಅದು ಬಕೆಟ್ಟಿನ ನೀರಿನ ಉಪ್ಪು ಹೇಳುತ್ತಿತ್ತೇ ಹೊರತು ಸಿಮೆಂಟಿನಲ್ಲಿ ಕೂತ ಉಪ್ಪಿನ ಸುದ್ದಿ ಹೇಳುತ್ತಿರಲಿಲ್ಲ.

ಲೇಪನ ಆರಿಸುವಾಗಲೂ ಅವಳ ಮಾತು ಬೇಕೇ ಬೇಕು. ಡಬ್ಬಿಯ ಮೇಲಿನ ಹೆಸರುಗಳು ಅವಳಿಗೆ ಗೊತ್ತಿಲ್ಲ. ಅಕ್ರಿಲಿಕ್ಕಿಗೆ ಅವಳು 'ಬಿಳಿದು' ಎನ್ನುತ್ತಿದ್ದಳು, ಪಾಲಿಯುರಿಥೇನಿಗೆ 'ರಬ್ಬರು'. ಕುರುಗೋಡಿನಲ್ಲಿ ಒಂದು ಗೊಬ್ಬರದ ಗೋದಾಮಿಗೆ ನಾನು ಪೂರ್ತಿ ಬಿಳಿದು ಎಂದು ಬರೆದುಕೊಟ್ಟಿದ್ದೆ. ಬಿಸಿಲಿಗೆ ಅದೇ ಒಳ್ಳೆಯದು, ಕೆಳಗೆ ತಂಪು. ಹುಲುಗಮ್ಮ ಮೇಲೆ ಒಂದು ಸುತ್ತು ಹಾಕಿ, ನೀರಿನ ಟಾಕಿಯ ಪಕ್ಕ ನಿಂತು ಕಾಲಿನಿಂದ ಒಂದು ಕಪ್ಪು ಗುಂಡು ಕಲೆ ತೋರಿಸಿದಳು. ಅಲ್ಲಿ ಮಳೆನೀರು ವಾರಗಟ್ಟಲೆ ನಿಲ್ಲುತ್ತದೆ, ನೀರು ನಿಂತ ಕಡೆ ಬಿಳಿದು ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ, ಅಷ್ಟು ಜಾಗಕ್ಕೆ ರಬ್ಬರು ಹಾಕಿ ಎಂದಳು. ಆಮೇಲೆ ಮಾಲೀಕನ ಕಡೆ ತಿರುಗಿ, "ಮ್ಯಾಲ ಮೆಣಸಿನಕಾಯಿ ಒಣ ಹಾಕ್ತೀರೇನ್ರಿ?" ಎಂದು ಕೇಳಿದಳು. ಛೆ, ಯಾರೂ ಮೇಲೆ ಹತ್ತುವುದೇ ಇಲ್ಲ ಎಂದು ಅವನು ಹೇಳಿದ. ಅವಳು ಬಿರುಕಿನಿಂದ ನಾಲ್ಕು ಮೆಣಸಿನ ಬೀಜ ಎತ್ತಿ ಅವನ ಅಂಗೈಗೆ ಹಾಕಿದಳು. ಜನ ಓಡಾಡುವ ಚಾವಣಿಗೆ ಬೇರೆ ಲೇಪನ, ಓಡಾಡದ್ದಕ್ಕೆ ಬೇರೆ. ಅವನು ನಕ್ಕು ಒಪ್ಪಿಕೊಂಡ.

ಹೀಗೆ ಹೆಸರಾಯಿತು. ಗಿರಣಿ ಮಾಲೀಕರು ಫೋನು ಮಾಡಿದರೆ, "ಹುಲುಗಮ್ಮ ಬರ್ತಾಳಲ್ರಿ?" ಎಂದು ಮೊದಲು ಕೇಳುತ್ತಿದ್ದರು. ಕೆಲವರು ಅವಳಿಗೆ ಕುರ್ಚಿ ಹಾಕುತ್ತಿದ್ದರು. ಊರಿನಲ್ಲಿ ಯಾರ ಕಟ್ಟೆಯ ಮೇಲೂ ಕುರ್ಚಿ ಕಾಣದವಳು ಅವಳು. ಕೂರುವ ಮುಂಚೆ ಅದನ್ನು ಸೆರಗಿನಿಂದ ಒಮ್ಮೆ ಒರೆಸುತ್ತಿದ್ದಳು, ಕುರ್ಚಿ ಸ್ವಚ್ಛವಾಗಿದ್ದರೂ. ಇದೆಲ್ಲ ನಿಂತಿದ್ದು ಆ ನಾಲಿಗೆಯ ಮೇಲೆ. ಅದಿಲ್ಲದಿದ್ದರೆ ಅವಳು ಮತ್ತೆ ಪೊರಕೆಯವಳು, ಕಳೆ ತೆಗೆಯುವವಳು. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

2021ರ ಬೇಸಿಗೆಯ ಆ ಜ್ವರ ಅವಳಿಗೂ ಬಂತು. ಹದಿನೈದು ದಿನ ಮಲಗಿ ಎದ್ದಳು. ಉಸಿರು ಸರಿಹೋಯಿತು, ಮೂಗೂ ಅರ್ಧ ಸರಿಹೋಯಿತು, ನಾಲಿಗೆಗೆ ಮಾತ್ರ ರುಚಿ ತಿರುಗಿ ಬರಲಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಒಂದೇ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಬಂದಳು, ಮೊದಲಿನ ಹಾಗೇ ಬೆರಳು ತಿಕ್ಕಿದಳು, ನಾಲಿಗೆಗೆ ಇಟ್ಟಳು, ಹಚ್ಚಲು ಹೇಳಿದಳು. ಒಂದು ಬದಲಾವಣೆ ನನಗೆ ಕಂಡಿತ್ತು, ತಲೆಗೆ ಹೋಗಲಿಲ್ಲ. ಮೊದಲು ಎರಡು ಸಲ ತೊಳೆಸುತ್ತಿದ್ದವಳು ಈಗ ನಾಲ್ಕು ಸಲ ತೊಳೆಸುತ್ತಿದ್ದಳು. ನೀರು ದಂಡ ಮಾಡುತ್ತೀಯಾ ಎಂದು ಅದಕ್ಕೂ ರೇಗಿದ್ದೆ. ಅವಳು ಮತ್ತೊಂದು ಬಕೆಟ್ಟು ತುಂಬಿಸಿದ್ದಳು.

ಒಂದು ವರ್ಷ ಹೀಗೇ ಹೋಯಿತು. 2022ರ ಮೇ ತಿಂಗಳಲ್ಲಿ ಸಿರುಗುಪ್ಪದ ಪಾಲಯ್ಯನವರ ಅಕ್ಕಿ ಗಿರಣಿಯ ಗೋದಾಮು ಹಿಡಿದೆವು. ದೊಡ್ಡ ಚಾವಣಿ, ಕೆಳಗೆ ಸಾವಿರಾರು ಚೀಲ ಅಕ್ಕಿ. ಮಳೆಗಾಲಕ್ಕೆ ಮೂರು ವಾರ ಇತ್ತು. ಹೊಟ್ಟಿನ ಬೂದಿ ಚಾವಣಿಯ ಮೇಲೆ ಬೆರಳ ದಪ್ಪ ಕೂತಿತ್ತು, ಅದನ್ನು ತೆಗೆಯಲಿಕ್ಕೇ ಎರಡು ದಿನ ಬೇಕಾಯಿತು. ಗಿರಣಿಯ ಬೋರಿನ ನೀರು ಅಪ್ಪಟ ಚೌಳು. ಭತ್ತದ ಗದ್ದೆಗಳ ನಡುವಿನ ಬೋರು ಮತ್ತೇನು ಕೊಡುತ್ತದೆ. ಹಾಗಾಗಿ ಹೊಳೆ ನೀರು ಟ್ಯಾಂಕರಿನಲ್ಲಿ ತರಿಸಿ, ಹುಲುಗಮ್ಮ ಹೇಳಿದಷ್ಟು ಸಲ ತೊಳೆಸಿದೆವು. ಸಂಜೆ ಎಲ್ಲರೂ ಊರಿಗೆ ಹೋದೆವು.

ಮರುದಿನ ಮುಂಜಾನೆ ಏಳಕ್ಕೆ ಬಂದು ನೋಡಿದರೆ ಚಾವಣಿ ಚೊಕ್ಕವಾಗಿ ಒಣಗಿತ್ತು. ಹುಲುಗಮ್ಮ ನಾಲ್ಕು ಮೂಲೆ, ನಡುವೆ ಎರಡು ಜಾಗ ಮುಗಿಸಿದಳು.

"ಆತು, ಹಚ್ಚರಿ" ಅಂದಳು.

ಮೊದಲ ಪಟ್ಟಿ ರೋಲರ್ ಎಳೆಯುತ್ತಿದ್ದ ಹಾಗೆ ಗಿರಣಿಯ ಕಾವಲುಗಾರ ಜೋಗಪ್ಪ ಏಣಿ ಹತ್ತಿ ಬಂದ. ಎಪ್ಪತ್ತರ ಮುದುಕ, ಮುಖದ ತುಂಬ ಸಂತೋಷ.

"ಅಮ್ಮ, ನಿಮ್ಮ ಕೆಲಸ ಈಗ ಗಟ್ಟಿ ಆತು ನೋಡ್ರಿ. ನಿನ್ನಿ ನೀವು ಹೋದಮ್ಯಾಲ ನಮ್ಮ ಬೋರಿನ ನೀರು ಒಂದು ಸುತ್ತು ಹೊಡದೀನಿ" ಅಂದ.

"ಯಾಕ?" ಅಂದೆ.

"ಮಾಳಿಗಿಗೆ ಚೌಳು ಬೇಕಲ್ರಿ. ಹೊಳಿ ನೀರು ಸಪ್ಪನ ನೀರು, ಅದರಾಗ ತೊಳದ್ರ ಸೋರತೈತಿ. ನೀವು ಪ್ಯಾಟಿಯವರು, ನಿಮಗ ಗೊತ್ತಿಲ್ಲ ಅಂತ ನಾನ ಹೊಡದ್ನಿ."

ಬೇರೆ ಯಾವ ಸೀಮೆಯ ಮುದುಕನೂ ಈ ಉಪಕಾರ ಮಾಡುತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ. ನಾನು ಬೆರಳು ಒದ್ದೆ ಮಾಡಿ ಸಿಮೆಂಟಿಗೆ ತಿಕ್ಕಿ ಬಾಯಿಗೆ ಇಟ್ಟೆ. ನನ್ನಂಥವಳ ನಾಲಿಗೆಗೂ ಉಪ್ಪು ಗಕ್ಕನೆ ಹತ್ತಿತು. ರೋಲರ್ ನಿಲ್ಲಿಸಲು ಹೇಳಿ ಹುಲುಗಮ್ಮನ ಕಡೆ ತಿರುಗಿದೆ. ಅವಳು ತನ್ನ ಬೆರಳನ್ನೇ ನೋಡುತ್ತ ನಿಂತಿದ್ದಳು.

"ಈಗ ನೋಡಿ ಆತು ಅಂದೆಲ್ಲ" ಅಂದೆ.

"ನಾಲಿಗಿ ಸತ್ತೈತ್ರಿ ಮೀನಮ್ಮ."

"ಯಾವಾಗಿಂದ?"

"ಹೋದ ವರ್ಸ ಜರ ಬಂದಾಗಿಂದ."

ಆಮೇಲೆ ನಾನು ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದೆ ಬಿಟ್ಟರೆ ಇನ್ನೂ ನಾಚಿಕೆ. ಒಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆ ಅಂದೆ. ಎಷ್ಟು ಚಾವಣಿ ಹಾಳು ಮಾಡಿದೀಯೋ ಏನೋ ಅಂದೆ. ನಿನ್ನನ್ನು ಪೊರಕೆಯಿಂದ ಎತ್ತಿ ಕೂರಿಸಿದ್ದೇ ತಪ್ಪು ಅಂದೆ. ಎಲ್ಲರ ಮುಂದೆ, ಜೋಗಪ್ಪನ ಮುಂದೆಯೂ.

"ಖರೇ ಐತ್ರಿ. ಗೊತ್ತಾದ್ರ ಯಾರು ಇಟ್ಕೋತಾರ ಅಂತ ಹೆದರಿದ್ನಿ" ಅಂದಳು ಹುಲುಗಮ್ಮ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮಡಚಿಕೊಂಡು ಏಣಿಯ ಕಡೆ ನಡೆದಳು.

"ಏ ಹುಲುಗಮ್ಮ, ನಿಂದ್ರು" ಎಂದಿತು ಒಂದು ಧ್ವನಿ. ದುರ್ಗಾದೇವಿ. ಐದು ಜನರಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು, ಅಷ್ಟು ವರ್ಷದಲ್ಲಿ ನನ್ನ ಜೊತೆ ಹತ್ತು ಮಾತು ಆಡಿದ್ದರೆ ಹೆಚ್ಚು. ಈಗ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟು ನನ್ನ ಎದುರಿಗೆ ಬಂದು ನಿಂತಳು.

"ಒಂದು ಚಾವಣಿನೂ ಹಾಳಾಗಿಲ್ರಿ. ಆಕಿ ನೋಡೋಕಿಂತ ಮೊದ್ಲ ನಾನು ನೋಡ್ತಿದ್ನಿ. ಉಪ್ಪು ಇದ್ರ, ಇನ್ನೊಂದ್ಸಲ ತೊಳಿಯೋಣ ಅಂತ ಏನರ ನೆವ ಮಾಡ್ತಿದ್ವಿ. ನಿನ್ನಿ ಸಂಜಿನೂ ನೋಡೀನಿ, ಇದು ಸಪ್ಪಗಿತ್ತು. ಆಮ್ಯಾಲ ಈ ಮುದುಕಪ್ಪ ನೀರು ಹೊಡದಾನ."

ಹುಲುಗಮ್ಮ ಏಣಿಯ ತಲೆ ಹಿಡಿದುಕೊಂಡೇ ನಿಂತಿದ್ದಳು. ಇದು ಅವಳಿಗೂ ಗೊತ್ತಿರಲಿಲ್ಲ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ನಿಮಗ ಹೆಂಗ ಗೊತ್ತಾತಲೇ?" ಎಂದಳು, ಕೇಳಿಯೂ ಕೇಳದಷ್ಟು ಸಣ್ಣಗೆ.

"ನಿನ್ನ ಪುಂಡಿಪಲ್ಯದಾಗ" ಅಂದಳು ದುರ್ಗಾದೇವಿ. "ಜರ ಬಿಟ್ಟು ಬಂದ ಮೊದಲ್ನೇ ದಿನಾನ ಗೊತ್ತಾತು. ಬಾಯಾಗ ಇಡಂಗಿರಲಿಲ್ಲ. ನೀನು ಮಾತ್ರ ಆರಾಮ ತಿನ್ನಾಕ ಹತ್ತಿದ್ದಿ."

ಆರೂ ಜನ ಮನೆಯಿಂದ ಒಂದೊಂದು ತಂದು, ಹತ್ತು ಗಂಟೆಗೆ ನೆರಳಿರುವ ಕಡೆ ಕೂತು, ಹಂಚಿಕೊಂಡು ತಿನ್ನುತ್ತಿದ್ದರು. ರೊಟ್ಟಿ ಯಾರೋ ತರುತ್ತಿದ್ದರು, ಚಟ್ನಿಪುಡಿ ಯಾರೋ. ಹುಳಿ ಸೊಪ್ಪಿನ ಪುಂಡಿಪಲ್ಯ ಹುಲುಗಮ್ಮನದು. ಆ ಉಪ್ಪಿನ ಮುದ್ದೆಯನ್ನು ಐದು ಜನ ಹೆಂಗಸರು ಒಂದು ವರ್ಷ, ಮುಖ ಕಿವಿಚದೆ, ಒಂದು ಮಾತಾಡದೆ ತಿಂದಿದ್ದರು. ಹೇಳಿದರೆ ಅವಳು ಮನೆಗೆ ಹೋಗಬೇಕಾಗುತ್ತದೆ ಎಂದು.

ನಾನು ಅಲ್ಲೇ ಅಡ್ಡಗೋಡೆಯ ಮೇಲೆ ಕೂತೆ. ಒಂಬತ್ತು ವರ್ಷ ಆ ಹೆಂಗಸಿನ ನಾಲಿಗೆಯ ಮೇಲೆ ನನ್ನ ಸಂಸಾರ ನಡೆದಿತ್ತು. ಆ ಒಂಬತ್ತು ವರ್ಷದಲ್ಲಿ ಒಂದು ದಿನವೂ ನಾನು ಅವರ ಜೊತೆ ಕೂತು ಉಂಡಿರಲಿಲ್ಲ. ಹತ್ತು ಗಂಟೆಗೆ ಕಾರಿನಲ್ಲಿ ಎಸಿ ಹಾಕಿಕೊಂಡು ಹೋಟೆಲಿನ ಇಡ್ಲಿ ತಿನ್ನುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಫೋನು ಬರುತ್ತವೆ, ಕೆಲಸ ಇರುತ್ತದೆ ಎನ್ನುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ಯಾರೂ ಕೇಳಲಿಲ್ಲ, ಅವರಿಗೆ ಉತ್ತರ ಗೊತ್ತಿತ್ತು. ನನಗೆ ಮೋಸ ಮಾಡಿದಳು ಎಂದು ಈಗ ತಾನೇ ಕೂಗಾಡಿದ್ದೆನಲ್ಲ. ಒಂದು ತುತ್ತು ಜೊತೆಗೆ ತಿಂದಿದ್ದರೆ ಅವಳು ನನ್ನಿಂದ ಏನನ್ನೂ ಮುಚ್ಚಿಡಲು ಆಗುತ್ತಿರಲಿಲ್ಲ.

"ಡಬ್ಬಿ ತಾ" ಅಂದೆ.

ಹುಲುಗಮ್ಮ ಕದಲಲಿಲ್ಲ. ದುರ್ಗಾದೇವಿಯೇ ಹೋಗಿ ಚೀಲದಿಂದ ಡಬ್ಬಿ ತೆಗೆದು, ಅರ್ಧ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ನನ್ನ ಕೈಗೆ ಕೊಟ್ಟಳು. ಬಾಯಿಗೆ ಇಟ್ಟೆ. ಕಣ್ಣಲ್ಲಿ ನೀರು ಬಂತು, ಅರ್ಧ ಉಪ್ಪಿಗೆ. ಆರೂ ಜನ ನನ್ನ ಮುಖ ನೋಡುತ್ತಿದ್ದರು. ಹುಲುಗಮ್ಮನ ನೋಟ ಎಲ್ಲರಿಗಿಂತ ಗಟ್ಟಿಯಾಗಿತ್ತು. ಚೆನ್ನಾಗಿದೆ ಎಂದು ಹೇಳಿ ದೊಡ್ಡವಳಾಗಬಹುದಿತ್ತು. ಅವಳಿಗೆ ಬೇಕಾಗಿದ್ದು ಅದಲ್ಲ ಅನ್ನಿಸಿತು.

"ಉಪ್ಪು ವಿಪರೀತ ಆಗೇತಿ ಹುಲುಗಮ್ಮ, ತಿನ್ನಾಕ ಆಗವಲ್ದು" ಅಂದೆ.

ಅವಳು ಏಣಿ ಬಿಟ್ಟು ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳುತ್ತಳುತ್ತಲೇ ಹೆಂಗಸರ ಕಡೆ ತಿರುಗಿ, "ಒಂದು ವರ್ಸ ತಿಂದ್ರೆಲ್ಲಲೇ, ನಿಮ್ಮ ಹೊಟ್ಟಿಗೆ ಏನಾಗಬೇಕು" ಎಂದು ಬೈದಳು. ಅವರಲ್ಲೊಬ್ಬಳು ನಕ್ಕುಬಿಟ್ಟಳು.

ಪಾಲಯ್ಯನವರಿಗೆ ನಾನೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹಚ್ಚಿದ ಪಟ್ಟಿ ಕೆರೆಸಿ, ಹೊಳೆ ನೀರು ಮತ್ತೆ ತರಿಸಿದೆವು. ಮಧ್ಯಾಹ್ನ ಟ್ಯಾಂಕರ್ ಬರುವ ಹೊತ್ತಿಗೆ ಹುಲುಗಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳಾದರೂ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಹೋಗಿ ಆ ಪೊರಕೆ ತಗೊಂಡೆ.

"ನಾಲಿಗಿ ದುರ್ಗಾದೇವೀದು" ಅಂದೆ. "ಎಷ್ಟು ತೊಳಿಬೇಕು, ಎಲ್ಲಿ ಕೆರೀಬೇಕು, ಯಾವುದನ್ನ ಹಚ್ಚಬೇಕು, ಅದನ್ನ ನೀವ ಹೇಳ್ರಿ."

ಒಂಬತ್ತು ವರ್ಷದಲ್ಲಿ ಅವಳಿಗೆ ನೀವು ಎಂದದ್ದು ಅದೇ ಮೊದಲು. ಬೇಕೆಂದು ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತ್ತು. ಹುಲುಗಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು.

"ಹಂಗಾರ ನಾಳಿಂದ ನೀವೂ ಒಂದು ಡಬ್ಬಿ ತರ್ರಿ" ಅಂದಳು.